ಕೇಪ್‌ಟೌನಿನ ಕೀಮಾ ಹೇಳುವ ಇತಿಹಾಸ



ಇತಿಹಾಸವೆಂದರೆ ರಾಜರು, ಯುದ್ಧಗಳು ಮತ್ತು ಇಸವಿಗಳು ಎಂದು ನಿಮ್ಮಲ್ಲಿ ಅನೇಕರು ಭಾವಿಸಿರಬಹುದು. ಹಾಗಾದರೆ ಪುಸ್ತಕ ಬರೆಯದ, ಕೋಟೆ ಕಟ್ಟದ ಜನರ ಇತಿಹಾಸವನ್ನು ಎಲ್ಲಿ ಹುಡುಕಬೇಕು? ಕೆಲವೊಮ್ಮೆ ಅವರ ಅಡುಗೆಮನೆಯಲ್ಲಿ. ದಕ್ಷಿಣ ಆಫ್ರಿಕಾದ 'ಬೊಬೋಟಿ' ಎಂಬ ಖಾದ್ಯ ಇದಕ್ಕೆ ಒಳ್ಳೆಯ ಉದಾಹರಣೆ.

ಬೊಬೋಟಿ ಎಂದರೆ ದನದ ಅಥವಾ ಕುರಿಯ ಕೀಮಾವನ್ನು ಓವನ್ನಿನಲ್ಲಿ ಬೇಯಿಸಿ ಮಾಡುವ ತಿನಿಸು. ಕೆಲಸ ಮುಗಿಸಿ ಸಂಜೆ ಮನೆಗೆ ಬಂದವರೂ ಸುಲಭವಾಗಿ ಮಾಡಬಹುದು. ಈರುಳ್ಳಿಯನ್ನು ಹುರಿದು, ಅರಿಶಿನ ಮತ್ತು ಮಸಾಲೆ ಪುಡಿ ಹಾಕಿ, ಅರ್ಧ ಕಿಲೋ ಕೀಮಾವನ್ನು ಬಣ್ಣ ಬದಲಾಗುವವರೆಗೆ ಬಾಡಿಸಬೇಕು. ಹಾಲಿನಲ್ಲಿ ನೆನೆಸಿ ಹಿಂಡಿದ 2 ಬ್ರೆಡ್ ತುಂಡು, ಒಂದು ಹಿಡಿ ಒಣದ್ರಾಕ್ಷಿ, ಒಂದು ಚಮಚ ಜಾಮ್, ನಿಂಬೆರಸ ಮತ್ತು ಉಪ್ಪು ಬೆರೆಸಿ ಅಗಲವಾದ ಪಾತ್ರೆಯಲ್ಲಿ ಹರಡಬೇಕು. 2 ಮೊಟ್ಟೆಗಳನ್ನು ಒಂದು ಕಪ್ ಹಾಲಿನೊಡನೆ ಕಡೆದು ಮೇಲೆ ಸುರಿದು, ಒಂದೆರಡು ಎಲೆಗಳನ್ನು (ನಾವು ಪಲಾವಿಗೆ ಹಾಕುವಂಥವು) ಇಟ್ಟು, 180 ಡಿಗ್ರಿ ಶಾಖದಲ್ಲಿ ಸುಮಾರು ಅರ್ಧ ಗಂಟೆ ಬೇಯಿಸಿದರೆ ಆಯಿತು. ಇದನ್ನು ಅರಿಶಿನದ ಅನ್ನದೊಡನೆ ಬಡಿಸುತ್ತಾರೆ.

ಈಗ ಈ ಪದಾರ್ಥಗಳನ್ನು ಇನ್ನೊಮ್ಮೆ ಗಮನಿಸಿರಿ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಯುರೋಪಿನ ರೂಢಿ. ಅರಿಶಿನ, ಮಸಾಲೆ ಏಷ್ಯಾದವು. ಇವೆರಡೂ ಆಫ್ರಿಕಾದ ತುದಿಯಲ್ಲಿ ಸೇರಿದ್ದು ಹೇಗೆ?

1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯು ತನ್ನ ಹಡಗುಗಳಿಗೆ ನೀರು ಮತ್ತು ಆಹಾರ ಒದಗಿಸಲು ಕೇಪ್‌ನಲ್ಲಿ ಠಾಣೆಯನ್ನು ಸ್ಥಾಪಿಸಿತು. ಅಲ್ಲಿನ ದುಡಿಮೆಗೆಂದು ಇಂದಿನ ಇಂಡೋನೇಷ್ಯಾದ ದ್ವೀಪಗಳಿಂದ, ಮಡಗಾಸ್ಕರ್‌ನಿಂದ, ಹಾಗೆಯೇ ನಮ್ಮ ದೇಶದ ಬಂಗಾಳ, ಮಲಬಾರ್ ಮತ್ತು ಕೋರಮಂಡಲ ತೀರಗಳಿಂದ ಜನರನ್ನು ಗುಲಾಮರನ್ನಾಗಿ ಸಾಗಿಸಲಾಯಿತು. ಅವರ ಸ್ವಂತ ಹೆಸರುಗಳನ್ನು ಬದಲಿಸಿ, ದಾಖಲೆಗಳಲ್ಲಿ 'ಬಂಗಾಳದವಳು', 'ಮಲಬಾರಿನವನು' ಎಂದು ಊರಿನ ಗುರುತು ಸೇರಿಸಿ ಬರೆದರು. ಹೀಗೆ ಹೆಸರು ಕಳೆದುಕೊಂಡವರು ಒಡೆಯರ ಮನೆಗಳಲ್ಲಿ ಅಡುಗೆಗೆ ನಿಂತರು. ಒಡೆಯರ ಅಡುಗೆಗೆ ತಮ್ಮ ನಾಡಿನ ರುಚಿಯನ್ನು ಸೇರಿಸಿದರು. ಉರ್ದುವಿನ 'ಅಚಾರ್' ಎಂಬ ಪದ ಅಲ್ಲಿನ ಆಫ್ರಿಕಾನ್ಸ್ ಭಾಷೆಯಲ್ಲಿಯೂ ಇದೆ. ಅರ್ಥವೂ ಅದೇ, ಉಪ್ಪಿನಕಾಯಿ.

ರುಚಿಯಂತೆಯೇ ಅವರು ವಿದ್ಯೆಯನ್ನೂ ನೆನಪಿನಲ್ಲಿಯೇ ಉಳಿಸಿಕೊಂಡರು. ತಿದೋರೆ ದ್ವೀಪದ ಇಮಾಮ್ ಅಬ್ದುಲ್ಲಾ ಅವರನ್ನು 1780ರಲ್ಲಿ ಕೈದಿಯಾಗಿ ಕೇಪ್‌ಗೆ ತಂದು ರಾಬೆನ್ ದ್ವೀಪದಲ್ಲಿ ಇರಿಸಲಾಯಿತು. ಮುಂದೆ ನೆಲ್ಸನ್ ಮಂಡೇಲಾ ಅವರು 18 ವರ್ಷ ಸೆರೆಯಲ್ಲಿದ್ದ ದ್ವೀಪವೂ ಇದೇ. ಜನರಿಂದ 'ತುವಾನ್ ಗುರು' ಎಂದು ಕರೆಸಿಕೊಂಡ ಇವರು ಕುರ್‌ಆನನ್ನು ನೆನಪಿನಿಂದಲೇ ಬರೆದರು. ಬಿಡುಗಡೆಯಾದ ಮೇಲೆ 1793ರಲ್ಲಿ ಮದ್ರಸಾ ತೆರೆದರು. ಗುಲಾಮರ ಮಕ್ಕಳಿಗೂ ಅಲ್ಲಿ ಅಕ್ಷರ ದೊರೆಯಿತು. ಮುಂದೆ ಕೇಪ್‌ನ ಮದ್ರಸಾಗಳಲ್ಲಿ ಆಫ್ರಿಕಾನ್ಸ್ ಭಾಷೆಯನ್ನು ಅರಬ್ಬೀ ಲಿಪಿಯಲ್ಲಿ ಬರೆಯುವ ಪದ್ಧತಿ ಬೆಳೆಯಿತು. 1877ರಲ್ಲಿ ಆ ಲಿಪಿಯ 'ಬಯಾನುದ್ದೀನ್' ಎಂಬ ಗ್ರಂಥವೇ ಇಸ್ತಾಂಬುಲ್‌ನಲ್ಲಿ ಅಚ್ಚಾಯಿತು.

1834ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ರದ್ದಾದರೂ ಇನ್ನೂ 4 ವರ್ಷ ಅದೇ ಒಡೆಯರ ಬಳಿ ದುಡಿಯಬೇಕಾಯಿತು. 1891ರಲ್ಲಿ ಹಿಲ್ಡಗೊಂಡ ಡಕಿಟ್ ಎಂಬ ಬಿಳಿಯ ಮಹಿಳೆಯ ಅಡುಗೆ ಪುಸ್ತಕದಲ್ಲಿ ಬೊಬೋಟಿ ಅಚ್ಚಾಯಿತು. ಇಂದು ಅದನ್ನು ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಖಾದ್ಯವೆಂದು ಹಲವರು ಕರೆಯುತ್ತಾರೆ. ಆದರೆ ಅದನ್ನು ರೂಢಿಸಿದ ಕೈಗಳ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಆದುದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿರಿ. ನಿಮ್ಮ ದಾದಿ, ನಾನಿ ಅಥವಾ ಅಜ್ಜಿಯ ಬಳಿ ಕುಳಿತು, ಅವರು ಮಾಡುವ ಒಂದು ಅಡುಗೆಯನ್ನು ಬರೆದುಕೊಳ್ಳಿರಿ. ಯಾರಿಂದ ಕಲಿತರು, ಅವರು ಯಾವ ಊರಿನವರು ಎಂದು ಕೇಳಿರಿ. ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಬರೆಯಿರಿ. ಮೇಲೆ ಅವರ ಪೂರ್ಣ ಹೆಸರನ್ನು ಬರೆಯಲು ಮಾತ್ರ ಮರೆಯಬೇಡಿರಿ.