ಸಿಗ್ನಲ್ ಹೋದ ಮೇಲೆ

2013ರ ಒಂದು ಭಾನುವಾರ ಬೆಳಿಗ್ಗೆ, ನಾನೇ ಕಟ್ಟಿದ ಮೊದಲ ಕ್ವಾಡ್‌ಕಾಪ್ಟರ್ ನನ್ನ ಕೈ ತಪ್ಪಿ ಹೋಯ್ತು. ಬೆಂಗಳೂರಿನ ಹೊರವಲಯದ ಹೊಸ ಲೇಔಟು. ಸೈಟುಗಳಿಗೆ ಕಲ್ಲು ನೆಟ್ಟಿದ್ದರೇ ಹೊರತು ಮನೆಗಳು ಎದ್ದಿರಲಿಲ್ಲ. ನನ್ನ ಟ್ರಾನ್ಸ್‌ಮಿಟರಿನ ಬ್ಯಾಟರಿ ಡಬ್ಬಿಯಲ್ಲಿ ಒಂದು ಸ್ಪ್ರಿಂಗ್ ಸಡಿಲವಾಗಿತ್ತು, ಅದು ನನಗೆ ಗೊತ್ತೂ ಇತ್ತು. ಸ್ಟಿಕ್ ಸ್ವಲ್ಪ ಮುಂದಕ್ಕೆ ತಳ್ಳಿ, ಥ್ರಾಟಲ್ ಸ್ವಲ್ಪ ಏರಿಸಿದ್ದೆ ಅಷ್ಟೇ. ಸ್ಪ್ರಿಂಗ್ ಹಾರಿ ಹುಲ್ಲಿಗೆ ಬಿತ್ತು, ಸ್ಕ್ರೀನ್ ಕಪ್ಪಾಯ್ತು. ನಾನು ಮಂಡಿಯೂರಿ ಹುಲ್ಲು ಕೆದಕುತ್ತಿದ್ದಾಗ ಕ್ವಾಡ್ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಮುಂದೆ ಹೋಗ್ತಾ, ಮೇಲೆ ಏರ್ತಾ, ಚುಕ್ಕೆಯಾಗಿ, ಕೊನೆಗೆ ಚುಕ್ಕೆಯೂ ಇಲ್ಲದಂತಾಯ್ತು.

ಒಂದು ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಕಟ್ಟಡ ಕೆಲಸದವರ ಶೆಡ್ಡುಗಳ ಹತ್ತಿರ. ತಗಡಿನ ಮಾಡಿನ ಮೇಲೆ ಬಿದ್ದಿತ್ತಂತೆ. ಒಬ್ಬ ಹೆಂಗಸು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. "ಇದು ನಿಮ್ದಾ ಸಾರ್? ಒಳಗೆ ಪಾಪು ಮಲಗಿತ್ತು," ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ನಾನು ಫೇಲ್‌ಸೇಫ್ ಹಾಕಿದ್ದೆ. ಹಿಂದಿನ ರಾತ್ರಿ ಕೂತು, ಕೋಡ್ ತೆರೆದು, ಸಿಗ್ನಲ್ ಹೋದರೆ ಮೆಲ್ಲಗೆ ಕೆಳಗಿಳಿ ಅಂತ ಹೇಳುವ ಸಾಲನ್ನು ಚಾಲೂ ಮಾಡಿದ್ದೆ. ಹಾಗಿದ್ದೂ ಅದು ಯಾಕೆ ಇಳಿಯಲಿಲ್ಲ? ಇದಕ್ಕೆ ಉತ್ತರ ಹುಡುಕುತ್ತಾ ಹೋದ ನಾನು ಡ್ರೋನುಗಳ ಕಾಲ ದಾಟಿ, ರಿಮೋಟ್ ವಿಮಾನಗಳ ಕಾಲಕ್ಕೆ, ಅದಕ್ಕೂ ಹಿಂದಕ್ಕೆ ಹೋಗಿ ನಿಂತೆ.

ನಾಲ್ಕು ರೋಟರಿನ ಯಂತ್ರ ಹೊಸದೇನಲ್ಲ. 1907ರಲ್ಲೇ ಫ್ರಾನ್ಸಿನ ಬ್ರೆಗೆ ಸಹೋದರರು ಮತ್ತು ಪ್ರೊಫೆಸರ್ ರಿಶೆ ಸೇರಿ ಅಂಥದ್ದೊಂದನ್ನು ನೆಲದಿಂದ ಎಬ್ಬಿಸಿದ್ದರು. ಎಬ್ಬಿಸಿದ್ದು ಬಹಳ ಎತ್ತರಕ್ಕೇನೂ ಅಲ್ಲ, ಜೊತೆಗೆ ನಾಲ್ಕು ಮೂಲೆಗೆ ನಾಲ್ಕು ಜನ ನಿಂತು ಅದು ವಾಲದ ಹಾಗೆ ಹಿಡಿದಿದ್ದರು. ನನ್ನ ಪ್ರಕಾರ ಕ್ವಾಡ್‌ಕಾಪ್ಟರ್ ಇತಿಹಾಸದ ಮೊದಲ ಫ್ಲೈಟ್ ಕಂಟ್ರೋಲರ್ ಅಂದ್ರೆ ಆ ನಾಲ್ಕು ಜನ. 1922ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬೊಥೆಜಾಟ್ ಕಟ್ಟಿದ ಯಂತ್ರ ಯಾರೂ ಹಿಡಿಯದೆಯೇ ಹಾರಿತು, ಆದರೆ ಪೈಲಟ್ ಕೈಗೆ ವಿಪರೀತ ಕೆಲಸ. ನಾಲ್ಕು ರೋಟರುಗಳನ್ನು ಕ್ಷಣಕ್ಷಣಕ್ಕೂ ಸರಿದೂಗಿಸುವ ಕೆಲಸ ಮನುಷ್ಯನದಲ್ಲ ಅಂತ ಗೊತ್ತಾಯ್ತು. ಆ ವಿನ್ಯಾಸ ಹೆಚ್ಚುಕಡಿಮೆ ಮೂಲೆಗೆ ಬಿತ್ತು.

ಇನ್ನೊಂದು ಕಡೆ ರೇಡಿಯೋ ಕಂಟ್ರೋಲ್ ವಿಮಾನಗಳ ಹವ್ಯಾಸ ಬೆಳೀತಾ ಇತ್ತು. ಹಳಬರನ್ನು ಕೇಳಿ, ಕಥೆ ಹೇಳ್ತಾರೆ. ಪ್ರತಿ ಟ್ರಾನ್ಸ್‌ಮಿಟರಿಗೂ ಒಂದು ಕ್ರಿಸ್ಟಲ್, ಒಂದು ಚಾನೆಲ್. ಮೈದಾನದಲ್ಲಿ ಒಂದು ಹಲಗೆ, ಅದರ ಮೇಲೆ ಬಟ್ಟೆಗೆ ಹಾಕುವ ಥರದ ಕ್ಲಿಪ್ಪುಗಳು. ನಿಮ್ಮ ಚಾನೆಲ್ಲಿನ ಕ್ಲಿಪ್ಪು ನಿಮ್ಮ ಕೈಗೆ ಬಂದರೆ ಮಾತ್ರ ಸ್ವಿಚ್ ಹಾಕಬೇಕು. ಯಾರೋ ಒಬ್ಬ ಮರೆತು ಅದೇ ಚಾನೆಲ್ಲಿನಲ್ಲಿ ಆನ್ ಮಾಡಿದರೆ, ಆಕಾಶದಲ್ಲಿರೋ ನಿಮ್ಮ ವಿಮಾನದ ರಿಸೀವರಿಗೆ ಗೊಂದಲ, ಸರ್ವೋ ಮೋಟಾರುಗಳಿಗೆ ನಡುಕ, ವಿಮಾನ ನೆಲಕ್ಕೆ.

80ರ ದಶಕದಲ್ಲಿ ಪಿಸಿಎಂ ರೇಡಿಯೋಗಳು ಜನಪ್ರಿಯವಾದವು. ಸ್ಟಿಕ್ಕಿನ ಸ್ಥಾನವನ್ನು ಅಂಕಿಯಾಗಿಸಿ, ಜೊತೆಗೆ ತಾಳೆ ನೋಡೋಕೆ ಒಂದು ಲೆಕ್ಕವನ್ನೂ ಸೇರಿಸಿ ಕಳಿಸೋದು. ಲೆಕ್ಕ ತಾಳೆಯಾಗದಿದ್ದರೆ ಬಂದದ್ದು ಗದ್ದಲ ಅಂತ ರಿಸೀವರಿಗೆ ಗೊತ್ತಾಗುತ್ತೆ. ಗದ್ದಲ ಅಂತ ಗೊತ್ತಾದ ಮೇಲೆ ಏನು ಮಾಡಬೇಕು? ಇಲ್ಲೇ 'ಹೋಲ್ಡ್' ಹುಟ್ಟಿದ್ದು: ಕೊನೆಯ ಸರಿಯಾದ ಆಜ್ಞೆಯನ್ನೇ ಹಿಡಿದು ಕೂರು. ವಿಮಾನಕ್ಕೆ ಇದು ಒಳ್ಳೆ ಉಪಾಯವೇ. ರೆಕ್ಕೆ ಇರುವ ವಿಮಾನ ಅರ್ಧ ಸೆಕೆಂಡು ತನ್ನಷ್ಟಕ್ಕೆ ನೆಟ್ಟಗೆ ಹೋಗುತ್ತೆ, ಅಷ್ಟರಲ್ಲಿ ಸಿಗ್ನಲ್ ವಾಪಸ್ ಬರುತ್ತೆ. ತುಂಬಾ ಹೊತ್ತು ಬರದಿದ್ದರೆ, ಮೊದಲೇ ಹೇಳಿಟ್ಟ ಸ್ಥಿತಿಗೆ ಹೋಗು, ಅಂದ್ರೆ ಎಂಜಿನ್ ಇಳಿಸು. ಆ ಎರಡನೇ ಭಾಗವನ್ನು ಮಾತ್ರ ಹಾರಿಸುವವನೇ ಕೂತು ಹೊಂದಿಸಬೇಕಿತ್ತು.

2005-06ರ ಹೊತ್ತಿಗೆ ಸ್ಪೆಕ್ಟ್ರಮ್ ಕಂಪನಿಯ 2.4 ಗಿಗಾಹರ್ಟ್ಸ್ ರೇಡಿಯೋಗಳು ಬಂದ ಮೇಲೆ ಕ್ರಿಸ್ಟಲ್, ಕ್ಲಿಪ್ಪು ಎಲ್ಲ ಅಟ್ಟ ಸೇರಿದವು. (2005ರಲ್ಲೇ ನಮ್ಮ ದೇಶದಲ್ಲೂ ಈ ತರಂಗಗಳಿಗೆ ಲೈಸೆನ್ಸ್ ಬೇಡ ಅಂತಾಯ್ತು. ನಿಮ್ಮ ಮನೆ ವೈಫೈ ನಡೀತಿರೋದೂ ಅದರಿಂದಲೇ.) ತಂತ್ರಜ್ಞಾನ ಬದಲಾಯ್ತು, ಆದರೆ ಹಲವು ರಿಸೀವರುಗಳಲ್ಲಿ ಹೋಲ್ಡ್ ಅನ್ನೋ ಅಭ್ಯಾಸ ಹಾಗೇ ಉಳೀತು, ಅಜ್ಜನ ಕಾಲದ ತಿಜೋರಿ ಹೊಸ ಮನೆಗೂ ಬಂದ ಹಾಗೆ.

ಕ್ವಾಡ್‌ಕಾಪ್ಟರಿಗೆ ಮರುಜೀವ ಬಂದದ್ದು ಆಟಿಕೆಯಿಂದ. 2009ರಲ್ಲಿ ನಿಂಟೆಂಡೊ ತನ್ನ ವೀ ಗೇಮಿನ ರಿಮೋಟಿಗೆ ಮೋಷನ್ ಪ್ಲಸ್ ಅನ್ನೋ ಪುಟ್ಟ ಡಬ್ಬಿ ಬಿಟ್ಟಿತು. ಒಳಗೆ ಜೈರೋ, ಅಂದ್ರೆ ತಿರುಗುವ ವೇಗ ಅಳೆಯುವ ಚಿಪ್ಪು. ಮರುವರ್ಷದ ಹೊತ್ತಿಗೆ ಅಲೆಕ್ಸಾಂಡರ್ ದ್ಯೂಬ್ಯು ಎಂಬ ಫ್ರೆಂಚ್ ಹವ್ಯಾಸಿ ಅದನ್ನು ಬಿಚ್ಚಿ, ಆರ್ಡುಯಿನೋಗೆ ಜೋಡಿಸಿ, ಮಲ್ಟಿವೀ ಅನ್ನೋ ಕೋಡ್ ಬರೆದು ಎಲ್ಲರಿಗೂ ಕೊಟ್ಟುಬಿಟ್ಟ. 1907ರಲ್ಲಿ ನಾಲ್ಕು ಮೂಲೆ ಹಿಡಿದ ನಾಲ್ಕು ಜನರ ಕೆಲಸವನ್ನು ಈಗ ಒಂದು 8 ಬಿಟ್ಟಿನ ಚಿಪ್ಪು ಸೆಕೆಂಡಿಗೆ ನೂರಾರು ಸಲ ಮಾಡತೊಡಗಿತು. ನಮ್ಮಲ್ಲೂ ಅದೇ ಸಮಯ: '3 ಈಡಿಯಟ್ಸ್' ಬಂದದ್ದು 2009ರಲ್ಲಿ. ಅದರಲ್ಲಿ ಹಾಸ್ಟೆಲ್ ಕಿಟಕಿಯವರೆಗೂ ಏರುವ ಡ್ರೋನ್ ಐಐಟಿ ಬಾಂಬೆಯ ಹುಡುಗರು ಕಟ್ಟಿದ ಐಡಿಯಾಫೋರ್ಜ್‌ನದು. ನನ್ನಂಥ ಎಷ್ಟೋ ಜನ ಎಸ್.ಪಿ. ರೋಡಿನಲ್ಲಿ ವೈರು, ಕನೆಕ್ಟರು ಹುಡುಕುತ್ತಾ ಅಲೆಯೋಕೆ ಆ ಸಿನಿಮಾನೂ ಒಂದು ಕಾರಣ.

ಮಲ್ಟಿವೀ ಕೋಡಿನಲ್ಲಿ ಫೇಲ್‌ಸೇಫ್ ಇತ್ತು. ಆದರೆ ಆ ಸಾಲಿನ ಮುಂದೆ ಎರಡು ಓರೆಗೆರೆ. ಪ್ರೋಗ್ರಾಮ್ ಬರೆಯೋರಿಗೆ ಗೊತ್ತು, ಎರಡು ಓರೆಗೆರೆ ಅಂದ್ರೆ ಆ ಸಾಲು ಇದೆ ಆದರೆ ಇಲ್ಲ. ಬೇಕಾದವರು ಗೆರೆ ಅಳಿಸಿ ಚಾಲೂ ಮಾಡಿಕೊಳ್ಳಬೇಕು. ಕಾರಣವಿಲ್ಲದೇ ಅಲ್ಲ. ಸಿಗ್ನಲ್ ಹೋದ 1 ಸೆಕೆಂಡ್ ನಂತರ ಕ್ವಾಡನ್ನು ಮಟ್ಟಸ ಮಾಡಿ, ನೀವು ಹೇಳಿಟ್ಟ ಥ್ರಾಟಲ್ಲಿನಲ್ಲಿ ಇಳಿಸೋದು, 20 ಸೆಕೆಂಡ್ ಆದ ಮೇಲೆ ಮೋಟಾರು ಆರಿಸೋದು ಅದರ ಕ್ರಮ. ಸೆಕೆಂಡಿಗೆ ಸುಮಾರು 1 ಮೀಟರ್ ಇಳಿಯುವ ಥರ ಥ್ರಾಟಲ್ ಇಡಿ ಅನ್ನೋ ಸಲಹೆಯೂ ಅಲ್ಲೇ ಇತ್ತು. ಲೆಕ್ಕ ಹಾಕಿ: 20 ಮೀಟರಿಗಿಂತ ಮೇಲಿದ್ದರೆ ಉಳಿದದ್ದು ಕಲ್ಲು ಬಿದ್ದ ಹಾಗೆ. ಆ ಥ್ರಾಟಲ್ ಒಬ್ಬೊಬ್ಬರ ಮೋಟಾರು, ಬ್ಯಾಟರಿ, ತೂಕಕ್ಕೆ ಬೇರೆ ಬೇರೆ. ಎಲ್ಲರಿಗೂ ಒಂದೇ ಅಂಕಿ ಕೊಡೋದು ಬರೆದವನ ಕೈಲೂ ಆಗದ ಕೆಲಸ.

ನಾನು ಓರೆಗೆರೆ ಅಳಿಸಿದ್ದೆ, ಅಂಕಿ ಹಾಕಿದ್ದೆ. ಮಲ್ಟಿವೀ ಕಾಯುತ್ತಿದ್ದದ್ದು ರಿಸೀವರಿನ ಮಿಡಿತ ನಿಲ್ಲೋದಕ್ಕೆ, ಅಥವಾ 985 ಮೈಕ್ರೋಸೆಕೆಂಡಿಗಿಂತ ಕೆಳಗಿಳಿಯೋದಕ್ಕೆ. ನನ್ನ ರಿಸೀವರ್ ಮಾತ್ರ ಹಳೇ ವಿಮಾನದ ಅಭ್ಯಾಸದಂತೆ ಕೊನೆಯ ಆಜ್ಞೆಯನ್ನೇ ಹೇಳ್ತಾ ಇತ್ತು: ಸ್ವಲ್ಪ ಮುಂದೆ, ಸ್ವಲ್ಪ ಮೇಲೆ, ಸ್ವಲ್ಪ ಮುಂದೆ, ಸ್ವಲ್ಪ ಮೇಲೆ. ಫ್ಲೈಟ್ ಕಂಟ್ರೋಲರ್ ಅದನ್ನು ನಂಬಿತು. ನಂಬದೇ ಇರೋಕೆ ಅದಕ್ಕೆ ಯಾವ ಕಾರಣವೂ ಇರಲಿಲ್ಲ. ರಿಸೀವರಿನ ಮೇಲೆ ಒಂದು ಸಾಸಿವೆಯಷ್ಟು ಬಟನ್ ಇತ್ತು. ಥ್ರಾಟಲ್ ಪೂರ್ತಿ ಇಳಿಸಿ ಅದನ್ನೊಮ್ಮೆ ಒತ್ತಿದ್ದರೆ ಸಾಕಿತ್ತು. ಇಬ್ಬರು ಕಾವಲುಗಾರರು, ಒಬ್ಬ ಎಚ್ಚರ ಇದ್ದಾನೆ ಅಂತ ಇನ್ನೊಬ್ಬ.

ಈ ತಪ್ಪು ನನ್ನೊಬ್ಬನದಲ್ಲ ಅನ್ನೋದು ಮುಂದಿನ ಕೋಡುಗಳನ್ನು ನೋಡಿದರೆ ತಿಳಿಯುತ್ತೆ. ಆರ್ಡುಪೈಲಟ್ ಥ್ರಾಟಲ್ 975ಕ್ಕಿಂತ ಕೆಳಗಿಳಿದರೆ ಸಿಗ್ನಲ್ ಹೋಗಿದೆ ಅಂತಲೇ ತಿಳಿಯುತ್ತೆ. ಫುಟಾಬಾದ ಎಸ್‌ಬಸ್‌ನಲ್ಲಂತೂ 'ಇದು ಫೇಲ್‌ಸೇಫ್' ಅಂತ ಹೇಳೋಕೇ ಒಂದು ಬಿಟ್ ಮೀಸಲು. ಮಲ್ಟಿವೀಯಿಂದ ಬೇಸ್‌ಫ್ಲೈಟ್, ಅದರಿಂದ ಕ್ಲೀನ್‌ಫ್ಲೈಟ್, ಅದರಿಂದ ಬೀಟಾಫ್ಲೈಟ್ ಹುಟ್ಟುವಷ್ಟರಲ್ಲಿ ಓರೆಗೆರೆ ಮಾಯ, ಫೇಲ್‌ಸೇಫಿಗೆ ತನ್ನದೇ ಒಂದು ಪುಟ, ಎರಡು ಹಂತ. ಬೀಟಾಫ್ಲೈಟ್ ರೇಸಿನವರ ಮನೆ, ಹಾಗಾಗಿ ಅಲ್ಲಿನ ರೂಢಿ 'ಡ್ರಾಪ್': ಮೋಟಾರು ಆರಿಸಿ ಬೀಳಿಸು. ಕೇಳೋಕೆ ಕ್ರೂರ. ಆದರೆ ಇದ್ದಲ್ಲೇ ಬೀಳುವ ಕ್ವಾಡಿಗಿಂತ ಎಲ್ಲೋ ಹೋಗಿ ಬೀಳುವ ಕ್ವಾಡ್ ಅಪಾಯ, ಅದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆರ್ಡುಪೈಲಟ್ಟಿನದು ಜಿಪಿಎಸ್ ನಂಬಿ ಮನೆಗೆ ವಾಪಸ್ ಬರುವ ದಾರಿ. ಮೊದಲು ಕನಿಷ್ಠ 15 ಮೀಟರ್ ಏರು, ಆಮೇಲೆ ನೇರ ಬಾ. ಡೀಫಾಲ್ಟ್ ಅಷ್ಟೇ. ಆ 15 ಮೀಟರ್ ಇಟ್ಟವರು ತೆಂಗಿನ ತೋಟದ ಪಕ್ಕ ಹಾರಿಸಿರಲಿಕ್ಕಿಲ್ಲ.

ಸರ್ಕಾರ ಈ ಕಥೆಗೆ ತಡವಾಗಿ ಬಂತು. 2014ರ ಅಕ್ಟೋಬರಿನಲ್ಲಿ ಡಿಜಿಸಿಎ ನಾಗರಿಕರ ಡ್ರೋನುಗಳನ್ನೇ ತಡೆಯಿತು. 2018ರ ಡಿಸೆಂಬರ್ 1ರಿಂದ ಜಾರಿಯಾದ ನಿಯಮದಲ್ಲಿ ನ್ಯಾನೋ ಬಿಟ್ಟು ಉಳಿದವಕ್ಕೆ ಹಾರಾಟ ತಾನಾಗಿ ನಿಲ್ಲಿಸುವ ಅಥವಾ ಮನೆಗೆ ಮರಳುವ ವ್ಯವಸ್ಥೆ ಇರಲೇಬೇಕು ಅಂತಾಯ್ತು. 2021ರಲ್ಲಿ ನಿಯಮಗಳನ್ನು ಮತ್ತೆ ಬರೆದು ಸಡಿಲಿಸಿದರು.

ಈಗ ಹೊಸದಾಗಿ ಏನೇ ಕಟ್ಟಿದರೂ ಮೊದಲು ಪ್ರೊಪೆಲ್ಲರ್ ಬಿಚ್ಚಿ ಪಕ್ಕಕ್ಕಿಡ್ತೀನಿ. ಮೋಟಾರು ತಿರುಗಿಸಿ, ಥ್ರಾಟಲ್ ಅರ್ಧಕ್ಕೆ ತಂದು, ಟ್ರಾನ್ಸ್‌ಮಿಟರ್ ಆಫ್ ಮಾಡಿ ಎಣಿಸ್ತೀನಿ. ಒಂದು, ಎರಡು. ಅಷ್ಟರಲ್ಲಿ ಕಂಟ್ರೋಲರ್ ಫೇಲ್‌ಸೇಫ್ ಅಂತ ತೋರಿಸದಿದ್ದರೆ ಅವತ್ತು ಹಾರಾಟ ಇಲ್ಲ.

ಆ ಲೇಔಟಿಗೆ ಕಳೆದ ವರ್ಷ ಹೋಗಿದ್ದೆ. ಶೆಡ್ಡುಗಳಿದ್ದ ಜಾಗದಲ್ಲಿ 14 ಮಹಡಿಯ ಅಪಾರ್ಟ್‌ಮೆಂಟ್ ಎದ್ದಿದೆ. ಆ ಹೆಂಗಸಿನ ಕುಟುಂಬ ಈಗ ಯಾವ ಊರಿನ ಯಾವ ಕಟ್ಟಡದ ಕೆಳಗಿದೆಯೋ. ಕಾರಲ್ಲೇ ಕೂತು ಲ್ಯಾಪ್‌ಟಾಪ್ ತೆಗೆದು, ಮನೆಗೆ ಮರಳುವ ಎತ್ತರವನ್ನು 60 ಮೀಟರಿಗೆ ಬದಲಾಯಿಸಿದೆ. ಆಮೇಲೆ ಪ್ರೊಪೆಲ್ಲರ್ ಬಿಚ್ಚಿ ಇನ್ನೊಂದು ಸಲ ಎಣಿಸಿದೆ.