ನಾಗಾವಿಯ ಆರು ಗುರುಗಳು, ಆರು ಗ್ರಂಥಪಾಲಕರು

ಚಿತ್ತಾಪುರ ಪಟ್ಟಣದ ಸಮೀಪದಲ್ಲಿ ಇಂದು ಪಾಳುಗುಡಿಗಳ ನಡುವೆ ನಿಂತಿರುವ ನಾಗಾವಿ, ಒಂದು ಕಾಲಕ್ಕೆ ಹೆಸರಾಂತ ವಿದ್ಯಾಕೇಂದ್ರವಾಗಿತ್ತು. ಕಲ್ಯಾಣದ ಚಾಲುಕ್ಯ ಅರಸ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಇಲ್ಲಿ ಘಟಿಕಾಸ್ಥಾನವನ್ನು ಪೋಷಿಸಿದ ವಿವರ ಕ್ರಿ.ಶ. 1058ರ ಶಾಸನದಲ್ಲಿದೆ. ವೇದ ಕಲಿಯುವವರು 200, ಶಾಸ್ತ್ರ ಕಲಿಯುವವರು 52. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಗುರುಗಳು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಗುರುಗಳೆಷ್ಟೋ ಗ್ರಂಥಪಾಲಕರೂ ಅಷ್ಟೇ! ಕಲಿಸುವವನು ಮೊದಲು ಓದುವವನಾಗಿರಬೇಕು ಎಂಬ ಅರಿವಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಂದಿನ ಘಟಿಕೆಯ ಬಾಗಿಲು ಎಲ್ಲ ಕುಲದವರಿಗೂ ತೆರೆದಿರಲಿಲ್ಲ ಎಂಬುದನ್ನೂ ಮರೆಯಬಾರದು. ಇಂದು ಅದೇ ತಾಲ್ಲೂಕಿನ ದಂಡೋತಿಯಲ್ಲಿ ಕೂಲಿಕಾರರ ಮಗಳೂ ಪದವಿ ಪಡೆದು, ಬಿ.ಇಡಿ. ಮುಗಿಸಿ, ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕಿಯಾಗುವ ಕನಸು ಕಾಣಬಲ್ಲಳು. ಆದರೆ ಆ ಹಾದಿ ಸುಲಭದ್ದಲ್ಲ. 2015ರಲ್ಲಿ ಬಿ.ಇಡಿ. ಶಿಕ್ಷಣ ಎರಡು ವರ್ಷಗಳದ್ದಾಯಿತು. ಪಾಠ ಯೋಜನೆ, ಬೋಧನಾಭ್ಯಾಸ, ಬಳಿಕ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ. ಇದಲ್ಲದೆ, ಪದವಿಯಲ್ಲಿ ಎರಡು ಮೂರು ವಿಷಯಗಳನ್ನಷ್ಟೇ ಓದಿದವರು ಶಾಲೆಯಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವನ್ನೂ ಬೋಧಿಸಬೇಕು. ಹೀಗಾಗಿ ಸಿದ್ಧತೆಯೆಂದರೆ ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡುವುದು ಎಂಬ ಭಾವನೆ ಬೆಳೆದಿದ್ದರೆ ಅಚ್ಚರಿಯಿಲ್ಲ.

ದುಃಖದ ಸಂಗತಿಯೆಂದರೆ, ಹೀಗೆ ಸಿದ್ಧರಾದ ಶಿಕ್ಷಕರ ಮುಂದೆ ಕುಳಿತ ಮಕ್ಕಳು ಇತಿಹಾಸವೆಲ್ಲ ಬೇರೆಲ್ಲೋ ನಡೆಯಿತೆಂದು ನಂಬಿ ಬೆಳೆಯುತ್ತಾರೆ. ದಂಡೋತಿಯ ಬಳಿ ಹರಿಯುವ ಕಾಗಿಣಾ ನದಿ ಮಳಖೇಡವನ್ನು ದಾಟಿ ಬಂದದ್ದು. ಆ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನ 'ಕವಿರಾಜಮಾರ್ಗ' ರೂಪುಗೊಂಡಿತು. 972ರಲ್ಲಿ ಪರಮಾರ ಸೀಯಕನ ಸೇನೆ ಆ ನಗರವನ್ನು ಸೂರೆಗೈದಿತು. ಭೀಮಾ ತೀರದ ಸನ್ನತಿಯಲ್ಲಿ ಅಶೋಕನ ಶಾಸನ ದೊರೆಯಿತು. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪ ಸಿಕ್ಕಿತು. ಭೂಗೋಳದ ಪಾಠಕ್ಕೆ ಶಹಾಬಾದಿನ ಹಾಸುಗಲ್ಲು, ಅರ್ಥಶಾಸ್ತ್ರಕ್ಕೆ ವಾಡಿಯ ಸಿಮೆಂಟ್ ಕಾರ್ಖಾನೆ ಕಣ್ಣೆದುರಿಗೇ ಇವೆ. ಭಾವಿ ಶಿಕ್ಷಕರು ಪಠ್ಯಪುಸ್ತಕದೊಡನೆ ಈ ನೆಲವನ್ನೂ ಓದಬೇಕು.

ನೆಲವನ್ನು ಓದುವಾಗ ಹೆಮ್ಮೆಯ ಪುಟಗಳಷ್ಟೇ ಎದುರಾಗುವುದಿಲ್ಲ. ನಿಜಾಮನ ಆಳ್ವಿಕೆಗೊಳಪಟ್ಟಿದ್ದ ಈ ಪ್ರದೇಶ 1948ರ ಸೆಪ್ಟೆಂಬರ್ 17ರಂದು ವಿಮೋಚನೆ ಕಂಡಿತು. 1956ರ ನವೆಂಬರ್ 1ರಂದು ಕನ್ನಡ ನಾಡಿನೊಂದಿಗೆ ಒಂದಾಯಿತು. ವಿಮೋಚನೆಗೆ ಮುನ್ನ ರಜಾಕಾರರ ದೌರ್ಜನ್ಯಕ್ಕೆ ಹಳ್ಳಿಹಳ್ಳಿಗಳು ನಲುಗಿದವು. ವಿಮೋಚನೆಯ ತರುವಾಯ ಸೇಡಿನ ಹಿಂಸೆಗೆ ನಿರಪರಾಧಿ ಮುಸ್ಲಿಮರು ಬಲಿಯಾದರು. ಕೇಂದ್ರ ಸರ್ಕಾರ ಕಳುಹಿಸಿದ್ದ ಪಂಡಿತ ಸುಂದರಲಾಲರ ನೇತೃತ್ವದ ಸಮಿತಿ, ತೀವ್ರವಾಗಿ ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ ಹೆಸರಿಸಿತು.

ಇಲ್ಲಿಯೇ ಶಿಕ್ಷಕರ ನಿಜವಾದ ಪರೀಕ್ಷೆ. ಎರಡೂ ನೋವುಗಳನ್ನು ಹೊತ್ತ ಮನೆತನಗಳ ಮಕ್ಕಳು ಒಂದೇ ಹಲಗೆಯ ಮೇಲೆ ಕುಳಿತಿರುತ್ತಾರೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಒಂದು ಮಗು ತಲೆಯೆತ್ತುತ್ತದೆ, ಇನ್ನೊಂದು ತಲೆತಗ್ಗಿಸುತ್ತದೆ. ಎರಡನ್ನೂ ಮುಚ್ಚಿಟ್ಟರೆ ಮಕ್ಕಳು ಬೀದಿಯಲ್ಲಿ ಕೇಳಿದ್ದನ್ನೇ ಸತ್ಯವೆಂದು ನಂಬುತ್ತಾರೆ. ಸತ್ಯವನ್ನು ಪೂರ್ತಿಯಾಗಿ, ದ್ವೇಷವಿಲ್ಲದೆ ಹೇಳುವ ಸಾಮರ್ಥ್ಯ ಪರೀಕ್ಷೆಯ ಅಂಕಗಳಿಂದ ಬರುವಂಥದ್ದಲ್ಲ. ಅದಕ್ಕೆ ಹಲವು ಗ್ರಂಥಗಳ ಓದು ಬೇಕು, ಊರಿನ ಹಿರಿಯರ ಮಾತಿಗೆ ಕಿವಿಗೊಡುವ ತಾಳ್ಮೆ ಬೇಕು, ತನ್ನವರ ತಪ್ಪನ್ನೂ ತಪ್ಪೆನ್ನುವ ಧೈರ್ಯ ಬೇಕು.

ಮಗನೋ ಮಗಳೋ ಶಿಕ್ಷಕ ವೃತ್ತಿಗೆ ಸಿದ್ಧರಾಗುತ್ತಿರುವ ಮನೆಗಳಲ್ಲಿ ಹೆತ್ತವರು ಸಹಜವಾಗಿಯೇ "ನೌಕರಿ ಯಾವಾಗ?" ಎಂದು ಕೇಳುತ್ತಾರೆ. ಅದರೊಡನೆ "ಈ ವಾರ ಏನು ಓದಿದೆ?" ಎಂದೂ ಕೇಳಲಿ. ಬಿಡುವಿನ ದಿನ ಅವರನ್ನು ಮಳಖೇಡಕ್ಕೆ, ಸನ್ನತಿಗೆ, ನಾಗಾವಿಗೆ ಕಳುಹಿಸಲಿ. ಮನೆಯ ಅಜ್ಜ ಅಜ್ಜಿಯರು ತಾವು ಕಂಡುಂಡ ಕಾಲವನ್ನು ಅವರ ಮುಂದೆ ಬಿಚ್ಚಿಡಲಿ. ನಾಳೆ ಅವರ ತರಗತಿಯಲ್ಲಿ ಕುಳಿತುಕೊಳ್ಳುವವರು ನಮ್ಮ ನಿಮ್ಮೆಲ್ಲರ ಮಕ್ಕಳೇ.