ಬಾಣಂತಿ ಸನ್ನಿ

ಹೆರಿಗೆಯಾದ ಮೇಲೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ತಾಯಿಗೆ ತಟ್ಟನೆ ಬರುವ ತೀವ್ರ ಮನೋರೋಗ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುತ್ತದೆ. ಹೆಚ್ಚಾಗಿ ಮೊದಲು ನಿದ್ದೆ ಕೆಡುತ್ತದೆ. ಬಳಿಕ ಯಾರೂ ಆಡದ ಮಾತು ಕೇಳಿಸಬಹುದು. ಕೂಸು ತನ್ನದಲ್ಲ, ಅದರೊಳಗೆ ಕೇಡು ಹೊಕ್ಕಿದೆ, ಇಲ್ಲವೇ ಅದು ದೇವರ ಅವತಾರ ಎಂಬ ನಂಬಿಕೆ ಗಟ್ಟಿಯಾಗಬಹುದು. ಭ್ರಮೆ ತನ್ನ ಭಾಷೆಯನ್ನು ಹಲವು ಸಲ ತಾಯಿ ಬೆಳೆದ ಧರ್ಮದಿಂದ ಪಡೆಯುತ್ತದೆ. ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆಯ ಮನೆಗಳಲ್ಲಿ ಈ ರೋಗವನ್ನು ಗಾಳಿ ಸೋಕು, ದೆವ್ವ, ದೇವಿಯ ಮುನಿಸು ಎನ್ನುವುದುಂಟು.

ಬಾಣಂತನದ ಕೋಣೆಯ ಬೆಚ್ಚಗಿನ ಆರೈಕೆ ಒಳ್ಳೆಯದೇ. ಆದರೆ ಆ ಕತ್ತಲೆ ಕೋಣೆಯಲ್ಲಿ ಒಂಟಿಯಾದವಳ ಭಯವನ್ನು ಯಾರೂ ಕೇಳದಿದ್ದರೆ ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ. ದೇವಿ ಹುಲಿಗೆಮ್ಮನಿಗೆ ಹರಕೆ ಹೊರುವುದು ಚಿಕಿತ್ಸೆಗೆ ಅಡ್ಡಿಯಲ್ಲ. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು ಕ್ರೌರ್ಯ, ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧವೂ ಹೌದು.

ಔಷಧಿಯಿಂದ ಬಹುತೇಕ ತಾಯಂದಿರು ಪೂರ್ಣ ಚೇತರಿಸಿಕೊಳ್ಳುತ್ತಾರೆ. ಮುಂದಿನ ಹೆರಿಗೆಯಲ್ಲಿ ಮರುಕಳಿಸಬಹುದಾದ್ದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು. ತಾಯಿ–ಕೂಸನ್ನು ಅಗಲಿಸದೆ ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಕೊಪ್ಪಳ ಜಿಲ್ಲೆಗೆ ಹತ್ತಿರದ ದೊಡ್ಡ ಮನೋರೋಗ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಹಗಲುರಾತ್ರಿ ಕನ್ನಡದಲ್ಲಿ ಸಿಗುತ್ತದೆ.